ಲಿಂಬಿಹಣ್ಣಿನ ಖಟ್ಲೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕಿನ ಯಾವ ಕೋರ್ಟಿನ ಮುಂದೆ ನಾನು ಹಾದುಹೋದರೂ ಒಳಗಿನ ಕಾನೂನು ಪುಸ್ತಕಗಳು ಕಪಾಟಿನಲ್ಲೇ ಎದ್ದು ನಿಂತು ನಮಸ್ಕಾರ ಮಾಡುತ್ತವೆ. ಇಂಡಿಯಲ್ಲಿ ನಾನು ಸೀನಿದ್ದಕ್ಕೆ ಒಬ್ಬನಿಗೆ ಜಾಮೀನು ಸಿಕ್ಕಿದೆ. ಮುದ್ದೇಬಿಹಾಳದಲ್ಲಿ ಆಕಳಿಸಿದ್ದಕ್ಕೆ ಒಂದು ಖಟ್ಲೆ ಮುಂದಿನ ತಾರೀಖಿಗೆ ಹೋಗಿದೆ. ಬಸವನ ಬಾಗೇವಾಡಿಯಲ್ಲಿ ಬರೇ ತಲೆ ಕೆರೆದುಕೊಂಡೆ, ಒಳಗಿದ್ದವನೊಬ್ಬ ಖುಲಾಸೆಯಾಗಿ ಓಡಿಬಂದು ನನ್ನ ಕಾಲಿಗೆ ಬಿದ್ದ. ನಂಬದವರು ನಮ್ಮ ಯಂಕಂಚಿಗೆ ಬಂದು ಈ ಭೀಮಶ್ಯಾನ ಮನೆ ಯಾವುದೆಂದು ಕೇಳಲಿ. ನಮ್ಮೂರ ನಾಯಿಗಳೂ ದಾರಿ ತೋರಿಸುತ್ತವೆ.

ಇಂಥ ನಾನು ತಬ್ರೇಜನ ಖಟ್ಲೆ ಗೆಲ್ಲಿಸಿದ ಕಥೆ ಇದು.

ತಬ್ರೇಜ ನಮ್ಮ ಓಣಿಯ ಸಗೀರಾಳ ಮಗ. ಸಾಮಾನು ಹೇರುವ ಮೂರು ಗಾಲಿಯ ಟಂಟಂ ಓಡಿಸಿ ಮನೆ ನಡೆಸುತ್ತಿದ್ದ. ಗಾಡಿ ಓಡಿಸುವುದರಲ್ಲಿ ಅವನ ಕೈ ಎಷ್ಟು ಹದವೆಂದರೆ, ತುಂಬಿದ ಚಹಾದ ಬಟ್ಟಲನ್ನು ಬಾನೆಟ್ಟಿನ ಮೇಲಿಟ್ಟುಕೊಂಡು ಯಂಕಂಚಿಯಿಂದ ಸಿಂದಗಿಗೆ ಹೋದರೂ ಒಂದು ಹನಿ ತುಳುಕುವುದಿಲ್ಲ. ಟಂಟಂಗೆ ಬಾನೆಟ್ಟು ಇರುವುದಿಲ್ಲ ಎಂದು ಯಾರಾದರೂ ಹೇಳಿದರೆ ಅವರು ಅವನ ಗಾಡಿಯನ್ನು ನೋಡಿಲ್ಲ ಎಂದರ್ಥ. ಕಳೆದ ವರ್ಷ ಅವನು ಸರಕಾರಿ ಬಸ್ಸಿನ ಚಾಲಕನ ಕೆಲಸಕ್ಕೆ ಆಯ್ಕೆಯಾದ. ಆದೇಶ ಕೈಗೆ ಬರುವುದೊಂದೇ ಬಾಕಿ ಇತ್ತು. ಸಗೀರಾ ಖಾಕಿ ಬಟ್ಟೆಗೆ ಇಸ್ತ್ರಿ ಹೇಗೆ ಮಾಡಬೇಕೆಂದು ಓಣಿಯವರನ್ನೆಲ್ಲ ಈಗಲೇ ಕೇಳಿಟ್ಟುಕೊಂಡಿದ್ದಳು.

ಅಷ್ಟರಲ್ಲಿ ನನ್ನ ಲಿಂಬಿಹಣ್ಣು ಅಡ್ಡ ಬಂತು. ನನ್ನ ತೋಟದ ಹಣ್ಣಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಒಂದನ್ನು ಹಿಂಡಿದರೆ ಭೀಮಾ ನದಿ ದಂಡೆ ದಾಟುತ್ತದೆ. ಅದಕ್ಕೇ ನಾವು ಮನೆಯಲ್ಲಿ ಹಿಂಡುವುದಿಲ್ಲ, ಮಾರಿಬಿಡುತ್ತೇವೆ. ಆ ದಿನ ತಬ್ರೇಜ ನನ್ನ ಚೀಲಗಳನ್ನು ಸಿಂದಗಿ ಪೇಟೆಗೆ ಒಯ್ದಿದ್ದ. ಇಳಿಸುವ ಜಾಗದಲ್ಲಿ ಸಾಲು. ಅನಿಲ ಎಂಬ ಇನ್ನೊಬ್ಬ ಟಂಟಂನವನು ಸಾಲು ಮುರಿದು ಗಾಡಿ ತೂರಿಸಿದ. ಮಾತಿಗೆ ಮಾತು ಬೆಳೆಯಿತು. ಅನಿಲ ಬೈಯುತ್ತ ಹಿಂದಕ್ಕೆ ಸರಿದವನು ಮಗ್ಗುಲಿಗೆ ಉರುಳಿ ಬಿದ್ದ. ಗಾಡಿಯ ಕಬ್ಬಿಣಕ್ಕೆ ಬಾಯಿ ಬಡಿದು ಮುಂದಿನ ಒಂದು ಹಲ್ಲು ಮುರಿಯಿತು. ತಬ್ರೇಜ ಓಡಿಹೋಗಿ ಎಬ್ಬಿಸಿ, ತನ್ನ ಟವೆಲ್ಲಿನಿಂದ ರಕ್ತ ಒರೆಸಿ, ‘ತಪ್ಪಾತಣ್ಣಾ, ತಪ್ಪಾತು’ ಎಂದ.

ನಮ್ಮ ಕಡೆಯ ಪದ್ಧತಿ ಅದು. ನಮ್ಮ ಕಾಲು ಇನ್ನೊಬ್ಬರಿಗೆ ತಾಕಿದರೆ ಕೈಯನ್ನು ಕಣ್ಣಿಗೆ ಒತ್ತಿಕೊಂಡು ತಪ್ಪಾತು ಅನ್ನುತ್ತೇವೆ. ಅವರ ಕಾಲು ನಮಗೆ ತಾಕಿದರೂ ನಾವೇ ಅನ್ನುತ್ತೇವೆ. ಬಂದ ಬೀಗರು ಹೊಸ್ತಿಲು ಎಡವಿದರೆ ಮನೆಯವರು ಅನ್ನುತ್ತಾರೆ. ಜಗಳ ಹಿರಿಯರ ಕಟ್ಟೆಗೆ ಹೋದರೆ ಯಾರು ಮೊದಲು ಕೈ ಮುಗಿದು ತಪ್ಪಾತು ಅಂದನೋ ಅವನೇ ದೊಡ್ಡವನು. ನಿಜವಾಗಿ ಮಾಡಿದ್ದು ಯಾರೆಂದು ಆಮೇಲೆ ಯಾರೂ ಕೇಳುವುದಿಲ್ಲ.

ಆದರೆ ಅನಿಲನಿಗೆ ಹಲ್ಲು ಹೋದ ಸಿಟ್ಟು. ಅವನು ಠಾಣೆಗೆ ಹೋಗಿ, ತಬ್ರೇಜ ತನ್ನನ್ನು ನೂಕಿದನೆಂದೂ, ಆಮೇಲೆ ತಾನೇ ತಪ್ಪಾತು ಅಂತ ಒಪ್ಪಿಕೊಂಡನೆಂದೂ ದೂರು ಕೊಟ್ಟ. ಹಲ್ಲು ಮುರಿದರೆ ಕಾನೂನಿನ ಲೆಕ್ಕದಲ್ಲಿ ಅದು ಸಾದಾ ಗಾಯವಲ್ಲ, ತೀವ್ರ ಗಾಯವಂತೆ. ಎಫ್‌ಐಆರ್ ಆಯಿತು, ತಬ್ರೇಜನನ್ನು ಠಾಣೆಗೆ ಕರೆದೊಯ್ದರು.

ಎಫ್‌ಐಆರ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮಗ ಜೇಲಿಗೆ ಹೋದನೆಂದೇ ತಿಳಿದು ಸಗೀರಾ ಒಲೆ ಹಚ್ಚುವುದನ್ನು ಬಿಟ್ಟಳು. ನಾನು ಅವಳಿಗೆ ಕಾನೂನಿನ ವಿವರವನ್ನು ಎಷ್ಟು ಆಳವಾಗಿ ತಿಳಿಸಿದೆನೆಂದರೆ ಅವಳು ಇನ್ನೂ ಜೋರಾಗಿ ಅಳತೊಡಗಿದಳು. ಠಾಣೆಗೆ ನಾನೇ ಹೋದೆ. ಇದು ಜಾಮೀನು ಸಿಗುವಂಥ ಅಪರಾಧ, ಒಬ್ಬ ಜಾಮೀನುದಾರ ಬೇಕು ಎಂದರು. ಸಹಿ ಹಾಕಿದೆ. ನನ್ನ ಸಹಿಯ ತೂಕಕ್ಕೆ ಠಾಣೆಯ ಮೇಜಿನ ಕಾಲು ಬಾಗಿತು. ತಬ್ರೇಜನನ್ನು ಕರೆದುಕೊಂಡು ಬಂದು ಊರಿಗೆಲ್ಲ ಜಿಲೇಬಿ ಹಂಚಿದೆ. ಖಟ್ಲೆಯೇ ಮುಗಿಯಿತೆಂದು ತಿಳಿದು ಹಂಚಿದೆನೆಂದು ಕೆಲವರು ಆಡಿಕೊಳ್ಳುತ್ತಾರೆ. ಅದು ಹೊಟ್ಟೆಕಿಚ್ಚಿನವರ ಮಾತು. ಗೆದ್ದಾಗ ಹೇಗೆ ಹಂಚಬೇಕೆಂದು ನಾನು ಮುಂಚಿತವಾಗಿ ರೂಢಿ ಮಾಡಿಸಿದ್ದು, ಅಷ್ಟೇ.

ಕೆಲವು ತಿಂಗಳಿಗೆ ಸಿಂದಗಿ ಕೋರ್ಟಿನಿಂದ ಸಮನ್ಸ್ ಬಂತು. ಚಾರ್ಜ್‌ಶೀಟ್ ಹಾಕಿದ್ದರು. ಊರ ಹಿರಿಯ ಬಸಂತರಾಯರು ಕಟ್ಟೆಯ ಮೇಲೆ ಕುಳಿತು ತೀರ್ಮಾನ ಹೇಳಿದರು: ಹೋಗಲಿ, ನ್ಯಾಯಾಧೀಶರ ಮುಂದೆ ಕೈ ಮುಗಿದು ತಪ್ಪಾತು ಅನ್ನಲಿ, ದಂಡ ಹಾಕಿದರೆ ಕಟ್ಟಲಿ, ಸಂಜೆಯ ಬಸ್ಸಿಗೆ ಮನೆಗೆ ಬರಲಿ. ಎಲ್ಲರೂ ತಲೆದೂಗಿದರು. ನಾನೂ ತೂಗಿದೆ, ಆದರೆ ಆಳವಾದ ವಿಚಾರದಿಂದ ತೂಗಿದೆ.

ಕೋರ್ಟಿನ ಆವರಣದಲ್ಲಿ ಬಡವರಿಗೆ ಉಚಿತವಾಗಿ ವಕೀಲರನ್ನು ಕೊಡುವ ಒಂದು ಕೋಣೆ ಇದೆ. ಅದನ್ನು ಕಂಡುಹಿಡಿದವನು ನಾನೇ. ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು, ಆದರೆ ಓದಲು ಕಣ್ಣು ಬೇಕಲ್ಲ. ಅಲ್ಲಿ ವಿಜಯಲಕ್ಷ್ಮಿ ಎಂಬ ವಕೀಲೆ ಸಿಕ್ಕರು. ಮುದ್ದೇಬಿಹಾಳದ ಕಡೆಯವರು, ಮಾತು ಖಡಕ್ ರೊಟ್ಟಿಯ ಹಾಗೆ ನೇರ. ನಮ್ಮ ಮೂವರನ್ನೂ ಬೆಂಚಿನ ಮೇಲೆ ಕೂರಿಸಿ ಎಲ್ಲ ಕೇಳಿದರು. ಸಗೀರಾ ನಡುವೆ ತಡೆದಳು.

“ಚಾರ್ಜ್‌ಶೀಟ್ ಆತಲ್ರಿ ವಕೀಲ ಬಾಯಾರ. ಹಂಗಾರ ನನ ಮಗ ಗುನ್ಹೇಗಾರ ಆದ್ನೇನ್ರಿ?”

“ಇಲ್ಲವ್ವ, ಅಪರಾಧಿ ಆಗಿಲ್ಲ. ಎಫ್‌ಐಆರ್ ಅಂದ್ರ ಒಬ್ರು ಹೇಳಿದ್ದನ್ನ ಪೊಲೀಸರು ಬರಕೊಂಡಾರ, ತನಿಖಿ ಚಾಲೂ ಆತು. ಚಾರ್ಜ್‌ಶೀಟ್ ಅಂದ್ರ ತನಿಖಿ ಮುಗೀತು, ಇದನ್ನ ಸಾಬೀತು ಮಾಡ್ತೀವಿ ಅಂತ ಕೋರ್ಟಿಗೆ ಹೇಳ್ಯಾರ. ಸಾಬೀತು ಇನ್ನೂ ಆಗಿಲ್ಲ.”

“ಮತ್ತ ಈಗ ಅವ ಏನ್ರಿ?”

“ಆರೋಪಿ. ಅಂದ್ರ ಅವನ ಮ್ಯಾಲ ಒಂದು ಮಾತು ಬಂದೈತಿ, ಅಷ್ಟ. ಆ ಮಾತು ಖರೆ ಅಂತ ತೋರಿಸೂದು ಸರ್ಕಾರದ ಕೆಲಸ, ಅವಂದಲ್ಲ. ತೋರಿಸೂ ತನಕ ಅವ ಯಾವ ಗುನ್ಹೇಗಾರನೂ ಅಲ್ಲ, ಬರೇ ನಿಮ್ಮ ಮಗ.”

ಸಗೀರಾ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಸುಮ್ಮನಿದ್ದರೆ ನನ್ನ ವಿದ್ಯೆಗೆ ಅವಮಾನವೆಂದು, ಹೇಗೂ ಜಾಮೀನು ಆಗಿದೆ, ಜಾಮೀನೆಂದರೆ ಬಿಡುಗಡೆಯೇ ಅಲ್ಲವೇ ಎಂದೆ. ವಿಜಯಲಕ್ಷ್ಮಿ ನನ್ನ ಕಡೆ ತಿರುಗಿದರು. “ಕರದಾಗ ಕೋರ್ಟಿಗೆ ಬರ್ತೇನಿ ಅನ್ನೂ ಮಾತು ಅದು, ಕಾಕಾರ. ಅವ ಬರ್ಲಿಲ್ಲಂದ್ರ ಮೊದಲ ನಿಮ್ಮನ್ನ ಕೇಳ್ತಾರ.” ನನಗೆ ಬೆವರು ಬಂತು. ಬೇಸಿಗೆ ಇತ್ತು.

ಆಮೇಲೆ ತಬ್ರೇಜ ಬಸಂತರಾಯರ ಸಲಹೆ ಹೇಳಿದ. ವಕೀಲರು ಪೆನ್ನು ಕೆಳಗಿಟ್ಟರು. ಆರೋಪ ಒಪ್ಪಿಕೊಳ್ಳುವುದೆಂದರೆ ಜಗಳ ಮುಗಿಸುವುದಲ್ಲ, ನಾನೇ ಮಾಡಿದ್ದೇನೆ ಎಂದು ಹೇಳುವುದು. ಬರೇ ದಂಡ ಹಾಕಿದರೂ ಅದು ಶಿಕ್ಷೆಯೇ. ಬಸ್ಸಿನ ಕೆಲಸದ ಆದೇಶಕ್ಕೆ ಮುಂಚೆ ಶಿಕ್ಷೆಯಾಗಿದೆಯೇ ಎಂದು ಕೇಳಿಯೇ ಕೇಳುತ್ತಾರೆ. ಆ ಕೆಲಸದ ಆಸೆ ಅಲ್ಲಿಗೆ ಬಿಟ್ಟಂತೆ ಎಂದು ವಿವರಿಸಿದರು. ಖಟ್ಲೆ ನಡೆಯುತ್ತಿರುವುದನ್ನೂ ಮುಚ್ಚಿಡಬಾರದು, ಕೇಳಿದಲ್ಲಿ ಇದ್ದದ್ದನ್ನು ಇದ್ದಂತೆ ಬರೆಯಬೇಕು ಎಂದರು. ಕೊನೆಗೆ ಅವನನ್ನೇ ಕೇಳಿದರು.

“ನೀ ನೂಕೀಯೇನು?”

“ಇಲ್ರಿ. ಮುಟ್ಟೂ ಇಲ್ಲ. ಆದ್ರ ಮೇಡಂ, ಅಷ್ಟು ದೊಡ್ಡವ್ರ ಮುಂದ ನಿಂತು ನಾ ಮಾಡಿಲ್ಲ ಅಂದ್ರ ಸೊಕ್ಕು ಅನಸ್ತೈತ್ರಿ.”

“ಕೋರ್ಟಿನ್ಯಾಗ ಅದು ಸೊಕ್ಕಲ್ಲ. ಅವರು ಕೇಳೂದ ಅದನ್ನ.”

ತಾರೀಖು ಬಂದು ನ್ಯಾಯಾಧೀಶರು ಆರೋಪ ಓದಿ ಹೇಳಿ, ಒಪ್ಪಿಕೊಳ್ಳುತ್ತೀಯಾ ಎಂದು ಕೇಳಿದಾಗ ತಬ್ರೇಜನ ಎರಡೂ ಕೈ ತಾವಾಗಿಯೇ ಎದೆಗೆ ಬಂದು ಮುಗಿದವು. ಹುಟ್ಟಿದಾಗಿನಿಂದ ಬಂದ ರೂಢಿ, ಬಿಡುತ್ತದೆಯೇ? ತಪ್ಪಾತು ಅನ್ನಲು ಬಾಯಿ ತೆರೆದವನು ವಕೀಲೆಯ ಕಡೆ ತಿರುಗಿ ನೋಡಿದ. ನ್ಯಾಯಾಧೀಶರು ಅವಸರ ಮಾಡಲಿಲ್ಲ. ಅರ್ಥವಾಗದಿದ್ದರೆ ಮತ್ತೆ ಹೇಳುತ್ತೇನೆ ಎಂದು ಎರಡನೆಯ ಸಲ ಸಾವಕಾಶವಾಗಿ ಹೇಳಿದರು. ತಬ್ರೇಜ ಮುಗಿದ ಕೈ ಬಿಡದೆಯೇ, “ಮಾಡಿಲ್ರಿ” ಎಂದ. ಅಷ್ಟು ಸಣ್ಣ ದನಿಯಲ್ಲಿ ಅಂದದ್ದು ಸಿಂದಗಿ ಬಸ್ ನಿಲ್ದಾಣದವರೆಗೂ ಕೇಳಿಸಿತು. ಆರೋಪ ನಿರಾಕರಿಸಿದ್ದಾನೆ ಎಂದು ಬರೆದುಕೊಂಡರು. ವಿಚಾರಣೆ ನಡೆಯುವುದು ಗಟ್ಟಿಯಾಯಿತು.

ಇನ್ನು ಮುಖ್ಯ ಸಾಕ್ಷಿ ಅನಿಲನ ದಿನ. ಅವನ ಮಾತೇ ಎಲ್ಲ. ಅವನು ಗಟ್ಟಿಯಾಗಿ ನಿಂತರೆ ತಬ್ರೇಜನ ಖಾಕಿ ಬಟ್ಟೆ ಅಂಗಡಿಯಲ್ಲೇ ಉಳಿಯುತ್ತಿತ್ತು. ಇಲ್ಲಿ ನಾನು ಹೂಡಿದ ತಂತ್ರವನ್ನು ದೊಡ್ಡ ದೊಡ್ಡ ವಕೀಲರು ಕಲಿಯಬೇಕು. ಅನಿಲ ಬೆಂಚುಗಳ ನಡುವಿನ ಓಣಿಯಲ್ಲಿ ನಡೆದು ಸಾಕ್ಷಿಕಟ್ಟೆಗೆ ಹೋಗಬೇಕು. ನಾನು ತುದಿಯಲ್ಲಿ ಕುಳಿತು, ಗಾಳಿಯ ದಿಕ್ಕು, ಅವನ ಹೆಜ್ಜೆಯ ಅಳತೆ ಎಲ್ಲ ನೋಡಿ, ಸರಿಯಾದ ಗಳಿಗೆಗೆ ನನ್ನ ಬಲಗಾಲನ್ನು ಮುಂದಕ್ಕೆ ಚಾಚಿದೆ. ಅನಿಲ ಅದಕ್ಕೆ ಎಡವಿದ. ತಟ್ಟನೆ ಬಗ್ಗಿ, ನನ್ನ ಕಾಲು ಮುಟ್ಟಿ, ಕೈಯನ್ನು ಕಣ್ಣಿಗೆ ಒತ್ತಿಕೊಂಡು “ತಪ್ಪಾತ್ರಿ ಕಾಕಾರ” ಎಂದ. ಇಡೀ ಕೋರ್ಟು ಕೇಳಿತು.

ಅನಿಲ ಪ್ರಮಾಣ ಮಾಡಿ ದೂರಿನಲ್ಲಿದ್ದಂತೆಯೇ ಹೇಳಿದ. ತಬ್ರೇಜ ತಾನೇ ಒಪ್ಪಿಕೊಂಡ ಎಂಬ ಮಾತಿಗೆ ಒತ್ತು ಕೊಟ್ಟ. ವಿಜಯಲಕ್ಷ್ಮಿ ಎದ್ದು ನಿಂತರು.

“ಈಗ ಒಳಗ ಬರೂ ಮುಂದ ಒಬ್ಬರಿಗೆ ತಪ್ಪಾತ್ರಿ ಅಂದ್ರಲ್ಲ. ಕಾಲು ಚಾಚಿದವ್ರು ಅವರು. ತಪ್ಪು ನಿಮ್ಮದೇನು?”

“ನನ್ದಲ್ರಿ. ಆದ್ರ ಹಿರಿಯಾರು. ಹಂಗ ಅಂತೀವ್ರಿ ನಾವು.”

“ಪೇಟೆದಾಗ ತಬ್ರೇಜ ಅಂದದ್ದು?”

ಅನಿಲ ಮುರಿದ ಹಲ್ಲಿನ ಜಾಗದಲ್ಲಿ ನಾಲಿಗೆ ಆಡಿಸಿದ. ಸಾಕ್ಷಿ ಹೇಳುವವನಿಗೆ ಪ್ರಮಾಣ ಎಂಬುದು ಒಂದು ಇದೆಯಲ್ಲ, ಅದು ಅವನ ನಾಲಿಗೆಯ ಮೇಲೆ ಕುಳಿತದ್ದು ನಮಗೆಲ್ಲ ಕಾಣುತ್ತಿತ್ತು.

“ಅದೂ ಹಂಗ ಇರಬಹುದ್ರಿ,” ಎಂದ. “ಖರೆ ಹೇಳಬೇಕಂದ್ರ, ಅವನ ಕೈ ನನಗ ತಾಕಿದ್ದು ನೆನಪಿಲ್ರಿ. ಹಿಂದ ಸರದೆ, ಕಾಲಾಗ ಲಿಂಬಿಹಣ್ಣ ಬಂತು, ಜಾರಿದೆ. ಅವ ತಪ್ಪಾತು ಅಂದದ್ದಕ್ಕ ಅವನೇ ನೂಕ್ಯಾನ ಅನಕೊಂಡೆ. ಸಿಟ್ಟಿನ್ಯಾಗಿದ್ದೆ.”

ಮುಂದಿನ ತಾರೀಖಿಗೆ ತೀರ್ಪು ಬಂತು. ಆರೋಪ ಸಾಬೀತಾಗಿಲ್ಲ, ಖುಲಾಸೆ. ಖುಲಾಸೆ ಎಂದರೇನೆಂದು ಸಗೀರಾ ಈ ಸಲ ಯಾರನ್ನೂ ಕೇಳಲಿಲ್ಲ.

ತಬ್ರೇಜನಿಗೆ ಆದೇಶ ಬಂದ ದಿನ ಅವಳ ಮನೆಯಲ್ಲಿ ಓಣಿಯೆಲ್ಲ ಸೇರಿತ್ತು. ಅನಿಲನೂ ಬಂದಿದ್ದ, ಹೊಸ ಹಲ್ಲು ಹಾಕಿಸಿಕೊಂಡು. ನಾನು ಚಾಪೆಯ ನಡುವೆ ಕುಳಿತು ನಿಮಗೆ ಹೇಳಿದಂತೆಯೇ ಎಲ್ಲ ಹೇಳುತ್ತಿದ್ದೆ. ಗಾಳಿಯ ದಿಕ್ಕು, ಹೆಜ್ಜೆಯ ಅಳತೆ, ಬಲಗಾಲು ಎನ್ನುವಲ್ಲಿಗೆ ಬಂದಾಗ ಸಗೀರಾ ಚಹಾದ ತಾಟು ಹಿಡಿದು ನನ್ನ ಮುಂದೆ ನಿಂತಳು.

“ಭೀಮಶ್ಯಾ ಅಣ್ಣಾರ,” ಎಂದಳು, “ನೀವು ಅವತ್ತು ಗೊರಕಿ ಹೊಡ್ಯಾಕತ್ತಿದ್ರಿ. ನಾ ಬಾಜೂಕ ಕುಂತು ಎರಡು ಸಲ ತಿವಿದೇನಿ.”

ಜನ ನನ್ನನ್ನು ನೋಡಿದರು. ನಾನು ಅನಿಲನನ್ನು ನೋಡಿದೆ, ಅವನಾದರೂ ಮಾನ ಉಳಿಸುತ್ತಾನೆಂದು.

“ನಾ ಎಡವಿ ಕಾಲ ಮುಟ್ಟಿದ ಮ್ಯಾಲೂ ಎಚ್ಚರ ಆಗ್ಲಿಲ್ಲ ಕಾಕಾ ನಿಮಗ,” ಎಂದ ಅನಿಲ. “ಕಣ್ಣ ಮುಚ್ಚಿಕೊಂಡ ‘ಸಕ್ರಿ ಕಮ್ಮಿ ಹಾಕು’ ಅಂದ್ರಿ.”

ತಬ್ರೇಜ ನಕ್ಕು ನಕ್ಕು ಗೋಡೆಗೆ ಒರಗಿದ.

ಇನ್ನು ಮುಚ್ಚಿಡುವುದಕ್ಕೆ ಏನು ಉಳಿಯಿತು? ಚಹಾ ಕೈಗೆ ತೆಗೆದುಕೊಂಡು ಇದ್ದದ್ದನ್ನು ಇದ್ದಂತೆ ಹೇಳಿದೆ. ನಾನು ಸೀನಿದ್ದಕ್ಕೆ ಯಾರಿಗೂ ಜಾಮೀನು ಸಿಕ್ಕಿಲ್ಲ. ಮುದ್ದೇಬಿಹಾಳದ ಕೋರ್ಟನ್ನು ನಾನು ಬಸ್ಸಿನ ಕಿಟಕಿಯಿಂದಲೂ ನೋಡಿಲ್ಲ. ಜಿಲೇಬಿ ಹಂಚಿದ್ದು ಖಟ್ಲೆ ಮುಗಿಯಿತೆಂದು ತಿಳಿದೇ. ತಪ್ಪಾತು ಅಂದುಬಿಡು ಎಂದು ತಬ್ರೇಜನ ಕಿವಿಯಲ್ಲಿ ಬಸಂತರಾಯರಿಗಿಂತ ಮೊದಲು ಊದಿದವನೂ ನಾನೇ. ಆ ದಿನ ಪ್ರಮಾಣ, ಸಾಕ್ಷಿ, ಪಾಟೀ ಸವಾಲು ಎಂದು ಅವರು ಮಾತಾಡುತ್ತಿದ್ದರೆ ಒಂದೂ ತಲೆಗೆ ಹತ್ತದೆ, ತಿರುಗುವ ಫ್ಯಾನಿನ ಕೆಳಗೆ ಕಣ್ಣು ಮುಚ್ಚಿತು. ಖಟ್ಲೆ ಗೆದ್ದದ್ದು ಕೈ ಮುಗಿದುಕೊಂಡೇ ಇಲ್ಲ ಅಂದ ಹುಡುಗ, ಅದನ್ನು ಅನ್ನಲು ಕಲಿಸಿದ ವಕೀಲೆ, ಸಾಕ್ಷಿಕಟ್ಟೆ ಹತ್ತಿದ ಮೇಲೆ ಸುಳ್ಳಾಡಲಾರದ ಈ ಅನಿಲ.

ಕಾಲು ಮಾತ್ರ ನನ್ನದೇ. ಅದೂ ಬಲಗಾಲಲ್ಲ, ಎಡಗಾಲು ಎಂದು ಸಗೀರಾ ಹೇಳುತ್ತಾಳೆ.