ದೊಡ್ಡಮಾದಯ್ಯನ ಟಿವಿಯ ಕರೆಂಟು

ಹೊಸ ಅಗ್ರಹಾರದ ಅಂಗನವಾಡಿಯಲ್ಲಿ ಮಕ್ಕಳ ತಟ್ಟೆ ಲೋಟ ತೊಳೆದಿಟ್ಟು ಕೆಂಪಾಜಮ್ಮ ಮನೆಗೆ ಬಂದಾಗ ಟಿವಿ ಕರ್ರಗೆ ಕೂತಿತ್ತು. ಎದುರಿನ ಮಂಚದ ಮೇಲೆ ಗಂಡ ದೊಡ್ಡಮಾದಯ್ಯ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಕರೆಂಟ್ ಹೋಗಿರಬೇಕು ಅಂದುಕೊಂಡಳು. ಆದರೆ ತಲೆ ಮೇಲೆ ಫ್ಯಾನ್ ತಿರುಗುತ್ತಿತ್ತು.

"ಯಾಕೆ ರೂಪ, ಟಿವಿ ಕೆಟ್ಟೋಯ್ತಾ?"

ಸೊಸೆ ರೂಪಶ್ರೀ ಒಲೆಯ ಕಡೆಯಿಂದ ತಿರುಗಲಿಲ್ಲ. "ಕೆಟ್ಟಿಲ್ಲ ಅತ್ತೆ. ಬಿಲ್ ಬಂತು. ಫ್ರೀ ಯೂನಿಟ್ ದಾಟೋಗೈತೆ, ದುಡ್ಡು ಕಟ್ಬೇಕಂತೆ. ಇವ್ರು ಬಂದು ಟಿವಿ ಬಾಕ್ಸಿನ ವೈರು ಕಿತ್ಕೊಂಡು ಅಂಗಡಿಗೆ ಹೋದ್ರು. ಹಗಲೆಲ್ಲ ಟಿವಿ ಹಾಕ್ಕೊಂಡು ಬಿದ್ದಿದ್ರೆ ಬಿಲ್ ಬರ್ದೆ ಇನ್ನೇನು ಬತ್ತದೆ ಅಂದ್ರು. ಮಾವನ ಮುಂದೇನೆ ಅಂದ್ರು."

ಕೆಂಪಾಜಮ್ಮನಿಗೆ ಅಂಗಾಲಿನಿಂದ ಉರಿ ಏರಿತು.

ದೊಡ್ಡಮಾದಯ್ಯ ಚುಂಚನಕಟ್ಟೆ ನಾಲೆಯ ನೀರುಗಂಟಿಯಾಗಿದ್ದವನು. ಯಾರ ಗದ್ದೆಗೆ ಯಾವಾಗ ನೀರು ಅಂತ ಬದುವಿನ ಮೇಲೆ ನಿಂತು ಕೂಗಿದರೆ ಆಚೆ ಬಯಲಿಗೂ ಕೇಳುತ್ತಿತ್ತು. ಹೋದ ವರ್ಷ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದವು. ಆ ಗಂಟಲೂ ಹೋಯಿತು. ಕೆ.ಆರ್. ನಗರದ ಆಸ್ಪತ್ರೆಯ ನರ್ಸಮ್ಮ, "ಸುಮ್ನೆ ಮಲಗಿಸ್ಬೇಡಿ, ಮಾತು ಕೇಳಿಸ್ತಾ ಇರಿ, ಹಾಡು ಕೇಳಿಸ್ತಾ ಇರಿ" ಅಂದಿದ್ದಳು. ಕೆಂಪಾಜಮ್ಮ ಅಂಗನವಾಡಿಗೆ ಹೋದರೆ ಅವನ ಜೊತೆ ದಿನವೆಲ್ಲ ಮಾತಾಡುವವರು ಯಾರು? ಟಿವಿ ಮಾತಾಡಿತು. ಭಜನೆ, ವಾರ್ತೆ, ಅಡುಗೆ ಕಾರ್ಯಕ್ರಮ, ಏನು ಬಂದರೂ ಅವನು ಮಾತಾಡುವವರ ಬಾಯಿ ನೋಡಿಕೊಂಡು ಕೂರುತ್ತಿದ್ದ. ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ, ವಾರ್ತೆ ಓದುವ ಹುಡುಗಿ ಕಾವೇರಿ ನೀರು ಅಂದಾಗ, ಇವನೂ "ನೀರು" ಅಂದ. ಕೆಂಪಾಜಮ್ಮ ಅತ್ತುಬಿಟ್ಟಿದ್ದಳು. ಆಮೇಲೆ "ಬಾ" ಬಂತು, "ಸಾಕು" ಬಂತು, "ಕೆಂಪಿ" ಅಂತ ಅವಳ ಹೆಸರೂ ಬಂತು.

ಅಂಥ ಟಿವಿಯ ವೈರು ಕಿತ್ತುಕೊಂಡು ಹೋಗಿದ್ದ ಮಗ ಸುನೀಲ.

ಕರೆಂಟು ತಿನ್ನುತ್ತಿದ್ದದ್ದು ಯಾವುದು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ್ದಲ್ಲ. ಸುನೀಲ್‌ಕುಮಾರ್ ಊರಿನ ಸರ್ಕಲ್ಲಿನಲ್ಲಿ ಮೀನಿನ ಅಂಗಡಿ ಇಟ್ಟಿದ್ದ. ಕೇರಳದಿಂದ ಬರುವ ಬಂಗುಡೆ, ಮತ್ತಿ ಮೀನು ಕೆಡದಂತೆ ಇಡಲು ಮಂಚದಷ್ಟುದ್ದದ ಫ್ರೀಜರ್ ತಂದ. ಅಂಗಡಿಯ ಮೀಟರಿಗೆ ರೇಟು ಜಾಸ್ತಿ, ಮನೆಯಲ್ಲಾದರೆ ಪುಕ್ಕಟೆ ಅಂತ ಅದನ್ನು ಹಿತ್ತಲ ಜಗುಲಿಗೆ ತಂದು ನಿಲ್ಲಿಸಿದ. ಹಗಲೂ ರಾತ್ರಿ ಗುರ್ ಅನ್ನುತ್ತಲೇ ಇರುತ್ತಿತ್ತು. ಕರೆಂಟು ಫ್ರೀ ಆದಾಗಿನಿಂದ ಅದು ಬರುವ ತನಕ ಈ ಮನೆಗೆ ಬಿಲ್ಲಿನ ದುಡ್ಡು ಕಟ್ಟಿದ್ದೇ ಇಲ್ಲ.

ಕೆಂಪಾಜಮ್ಮ ನೀರೂ ಕುಡಿಯದೆ ಅಂಗಡಿಗೆ ನಡೆದಳು. ಮೀನು ಕೊಳ್ಳುವವರು ಗುಂಪಾಗಿ ನಿಂತಿದ್ದರು.

"ವೈರು ಕೊಡು ಕಣ್ಲಾ."

"ಅವ್ವ, ಮನೇಲಿ ಮಾತಾಡಣ, ಓಗು."

"ಅಪ್ಪನಿಗೆ ಅಂದಿದ್ದು ಮನೇಲಿ ಅಲ್ವಾ? ನಾನು ಇಲ್ಲೇ ಅಂತೀನಿ. ಆ ಟಿವಿ ಬಲ್ಬಿನಂಗೆ ಒಂಚೂರು ತಿಂತದೆ. ಹಿತ್ಲಲ್ಲಿ ಗುರ್ ಅಂತಾ ಕೂತದಲ್ಲ ನಿನ್ನ ಪೆಟ್ಟಿಗೆ, ಅದೇನು ಉಪವಾಸ ಮಾಡ್ತದಾ?"

ತಕ್ಕಡಿ ಹಿಡಿದ ಸುನೀಲನ ಮುಖ ಕೆಂಪೇರಿತು. "ಪೆಟ್ಟಿಗೆ ದುಡೀತದೆ ಕಣವ್ವ, ನಿಮ್ಮೆಲ್ರ ಹೊಟ್ಟೆಗೆ ಹಾಕ್ತದೆ. ಅಪ್ಪ ಏನು ದುಡೀತಾನೆ?"

ಕೆಂಪಾಜಮ್ಮ ಗಿರಾಕಿಗಳನ್ನು ಸರಿಸಿ ಮುಂದೆ ಬಂದಳು.

"ನಿನ್ನನ್ನ ನಿಮ್ಮಪ್ಪ ಹೆಗಲ ಮೇಲೆ ಹೊತ್ಕೊಂಡು ನಾಲೆ ಏರಿ ಮೇಲೆ ಸ್ಕೂಲಿಗೆ ಬುಟ್ಟು ಬತ್ತಿದ್ನಲ್ಲ, ಆವಾಗ ನೀನೇನು ದುಡೀತಿದ್ದೆ ಅಂತ ಅವನು ಕೇಳ್ಲಿಲ್ಲ ಕಣ್ಲಾ!"

ಅವಳ ಕೂಗಿಗೆ ರಸ್ತೆಯಾಚೆ ಟೀ ಕುಡಿಯುತ್ತಿದ್ದವರೂ ಎದ್ದು ನಿಂತರು. ಸುನೀಲ ಗಲ್ಲಾಪೆಟ್ಟಿಗೆಯ ಕೆಳಗಿಂದ ವೈರು ತೆಗೆದು ಹಲಗೆ ಮೇಲೆ ಎಸೆದ. ಅದು ಮೀನಿನ ನೀರಿನಲ್ಲಿ ಬಿತ್ತು. ಕೆಂಪಾಜಮ್ಮ ಸೆರಗಿನಲ್ಲಿ ಒರೆಸಿಕೊಂಡಳು.

"ಇವತ್ತೇ ನಿನ್ನ ಪೆಟ್ಟಿಗೆ ತಗೊಂಡೋಗು. ಇಲ್ಲಾಂದ್ರೆ ನಾನೇ ಪ್ಲಗ್ ಕೀಳ್ತೀನಿ."

ಸುನೀಲ ಬರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅವಳು ಹಿತ್ತಲಿಗೆ ಹೋದಳು. ಜಗುಲಿಯಲ್ಲಿ ಸದ್ದೇ ಇರಲಿಲ್ಲ. ಪ್ಲಗ್ಗನ್ನು ಕೈಯಲ್ಲಿ ಹಿಡಿದು ರೂಪಶ್ರೀ ನಿಂತಿದ್ದಳು.

"ನೀನ್ಯಾಕೆ ಕಿತ್ತೆ? ಅವನು ನಿನ್ನ ಸುಮ್ನೆ ಬುಡ್ತಾನಾ?"

"ಬೋದ್ರೆ ಬೋಯ್ಲಿ ಬುಡಿ ಅತ್ತೆ. ದಿನಾ ಮೀನು ತೊಳ್ದು ತೊಳ್ದು ನನ್ನ ಕೈಯೆಲ್ಲ ಬಿರಿದೋಗೈತೆ. ಲಾಭ ಅವರದು, ಬಿಲ್ಲು ಮಾವನ ಹೆಸ್ರಿಗೆ. ಮಾವ ಗೋಡೆ ಕಡೆ ತಿರುಗಿ ಅತ್ತಿದ್ನ ನೀವು ನೋಡ್ಲಿಲ್ಲ. ನಾನು ನೋಡ್ದೆ."

ಅಂಗಡಿ ಮುಚ್ಚಿ ಬಂದ ಸುನೀಲ ಜಗುಲಿಯಿಂದ ಅಂಗಳಕ್ಕೆ ಹರಿಯುತ್ತಿದ್ದ ನೀರು ನೋಡಿ ಕಿರುಚಾಡಿದ. ಯಾರು ಕಿತ್ತದ್ದು ಅಂತ ಕೇಳಿದಾಗ ಇಬ್ಬರೂ ಒಟ್ಟಿಗೆ "ನಾನು" ಅಂದರು. ಎತ್ತಿದ ಕೈ ಯಾರ ಮೇಲೆ ಹಾಕಬೇಕೋ ತಿಳಿಯದೆ ಬಾಗಿಲಿಗೆ ಒದ್ದು, ಅರ್ಧ ಕರಗಿದ ಮೀನನ್ನು ಕ್ರೇಟಿಗೆ ತುಂಬಿಕೊಂಡು ಹೋದ. ಮಾರನೆಯ ದಿನ ಗೂಡ್ಸ್ ಆಟೋ ತಂದು ಫ್ರೀಜರನ್ನು ಅಂಗಡಿಗೆ ಸಾಗಿಸಿದ. ತಪ್ಪಾಯ್ತು ಅನ್ನಲಿಲ್ಲ. ಅಪ್ಪನ ಮಂಚದ ಕಡೆ ಕಣ್ಣೂ ಹಾಯಿಸಲಿಲ್ಲ.

ಕೆಂಪಾಜಮ್ಮ ವೈರು ಸಿಕ್ಕಿಸಿ ಟಿವಿ ಹಾಕಿದಳು. ದೊಡ್ಡಮಾದಯ್ಯ ಎಡಗೈಯಿಂದ ರಿಮೋಟ್ ತಡಕಿ ಆರಿಸಿಬಿಟ್ಟ. ಮತ್ತೆ ಹಾಕಿದಳು, ಮತ್ತೆ ಆರಿಸಿದ. ತುಟಿ ಸೊಟ್ಟಗಾಗಿ, ಗಂಟಲಿನ ನರ ಉಬ್ಬಿ, ಅವನ ಬಾಯಿಂದ ಹೊಸದೊಂದು ಮಾತು ಬಂತು.

"ಬ್ಯಾಡ."

ಇಷ್ಟು ದಿನ ಅವನ ಬಾಯಲ್ಲಿ ಹೊಸ ಮಾತು ಬಂದಾಗಲೆಲ್ಲ ಅವಳು ಕೇರಿಗೆ ಹೇಳಿಕೊಂಡು ಬರುತ್ತಿದ್ದಳು. ಈ ಮಾತನ್ನು ಯಾರಿಗೆ ಹೇಳುವುದು?

"ಯಾಕೆ ಬ್ಯಾಡ? ನಿನ್ನ ಮನೆ, ನಿನ್ನ ಮೀಟ್ರು. ನೀನು ನೋಡು" ಅಂತ ರಿಮೋಟ್ ಕಿತ್ತುಕೊಂಡು ಸೌಂಡ್ ಜೋರು ಮಾಡಿದಳು. ಅವನು ಕಣ್ಣು ಮುಚ್ಚಿಕೊಂಡ. ಅವಳು ಮಂಚದ ಪಕ್ಕದಲ್ಲೇ ನೆಲಕ್ಕೆ ಕೂತು, ಟಿವಿಯವರು ಅಂದದ್ದನ್ನೆಲ್ಲ ತಾನೂ ಗಟ್ಟಿಯಾಗಿ ಅನ್ನತೊಡಗಿದಳು. ಮಳೆ ಅಂದರೆ ಮಳೆ, ಮೈಸೂರು ಅಂದರೆ ಮೈಸೂರು.

ಹೀಗೇ ಕೆಲವು ದಿನ ನಡೆಯಿತು. ಒಂದು ಸಂಜೆ ಟಿವಿಯಲ್ಲಿ ತತ್ವಪದ ಬರುತ್ತಿದ್ದಾಗ ಅವನು ಕಣ್ಣು ಬಿಟ್ಟ. ದನಿ ಹೊರಡಲಿಲ್ಲ, ತುಟಿ ಮಾತ್ರ ಹಾಡಿನ ಹಿಂದೆ ಹಿಂದೆ ಹೋಯಿತು.

ಅಷ್ಟರಲ್ಲಿ ಸುನೀಲ ಬಂದು ಕೈ ತೊಳೆದು ಊಟಕ್ಕೆ ಕೂತ. ದೊಡ್ಡಮಾದಯ್ಯನ ತುಟಿ ತಟ್ಟನೆ ನಿಂತಿತು. ಕೆಂಪಾಜಮ್ಮ ಮಗನಿಗೆ ತಟ್ಟೆ ಇಡಲಿಲ್ಲ.

"ಅಲ್ಲೈತೆ ಪಾತ್ರೆ, ಬಡಿಸ್ಕೊ" ಅಂದಳು, ತಿರುಗಿಯೂ ನೋಡದೆ.