ಮುಟ್ಟದೆ ಹಾಕಿದ ರುಜು

ನಾನು ಬಾಯ್ಲರ್ ಇನ್ಸ್‌ಪೆಕ್ಟರ್. ತಿಂಗಳಿಗೆ ನಾಲ್ಕು ಸಲ ವಿಮಾನ ಹತ್ತುವ ನನ್ನನ್ನು ಕಂಡರೆ, ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು ಎಂದು ಹೆಂಡತಿ ಹಂಗಿಸುತ್ತಾಳೆ. ಈ ಕಸುಬು ಕಲಿಸಿದವರು ಅವಳ ತಂದೆ, ನನ್ನ ಮಾವ. ಬಾಯ್ಲರಿನ ಮೈಯನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ಕಿವಿ ಕೊಡಬೇಕು. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ಬಿರುಕು ಬಿಟ್ಟದ್ದು ಥಪ್ ಎನ್ನುತ್ತದೆ. ತಟ್ಟದೆ ರುಜು ಹಾಕಬಾರದು, ಇಷ್ಟೇ ಮಾವನ ಪಾಠ. ನಿವೃತ್ತರಾದ ದಿನ ಅವರು ತಮ್ಮ ಸುತ್ತಿಗೆಯನ್ನು ನನ್ನ ಕೈಗಿಟ್ಟರು, ಅಂದಿನಿಂದ ಅದು ನನ್ನ ಚೀಲದಲ್ಲೇ ಇರುತ್ತಿತ್ತು. ಅದೇ ಕಸುಬಿನಲ್ಲಿರುವ ಸ್ವಂತ ಮಗನಿಗೆ ಕೊಡದೆ ನನಗೆ ಕೊಟ್ಟರಲ್ಲ ಎಂದು ನಾನು ನೆಲದ ಮೇಲೆ ನಡೆಯುವುದನ್ನೇ ಬಿಟ್ಟಿದ್ದೆ.

ನಮ್ಮ ಆಫೀಸಿನ ಪರಿಸರ ಸಮಿತಿಗೆ ನಾನೇ ಮುಖ್ಯಸ್ಥ. ಒಬ್ಬರ ಒಂದು ವಿಮಾನ ಪ್ರಯಾಣದ ಹೊಗೆಗೆ ಪರಿಹಾರವಾಗಿ ಹತ್ತು ಸಸಿ ಎಂಬ ಲೆಕ್ಕ ನನ್ನದು, ಅದರ ಫಾರಂ ಬರೆದವನೂ ನಾನೇ. ದೂರದ ಕಾರ್ಖಾನೆಗಳಿಗೆ ಅಲ್ಲಲ್ಲಿನ ಇನ್ಸ್‌ಪೆಕ್ಟರುಗಳನ್ನೇ ಕಳಿಸಿ ವಿಮಾನ ಅರ್ಧಕ್ಕೆ ಇಳಿಸೋಣ ಎಂದು ಕಿರಿಯಳೊಬ್ಬಳು ಸಭೆಯಲ್ಲಿ ಹೇಳಿದಾಗ, ಮರಗಳು ಬೆಳೆಯುತ್ತಿರುವಾಗ ಚಿಂತೆ ಯಾಕಮ್ಮ ಎಂದು ಅವಳ ಬಾಯಿ ಮುಚ್ಚಿಸಿದ್ದೆ. ನಾಲ್ಕು ವರ್ಷದಲ್ಲಿ ನನ್ನ ಪಾಲಿಗೇ ಸುಮಾರು ಎರಡು ಸಾವಿರ ಮರ. ಮನೆಯಲ್ಲಿ ಇದನ್ನು ಎಷ್ಟು ಕೊಚ್ಚಿಕೊಂಡಿದ್ದೆನೆಂದರೆ, ಅಳಿಯನ ನೆರಳಲ್ಲಿ ಒಂದು ದಿನ ಕೂತು ಬರಬೇಕು ಎಂದು ಮಾವ ಹಟ ಹಿಡಿದರು. ಭಾನುವಾರ ಬಸ್ಸು ಹತ್ತಿದೆವು. ಮಡಿಸುವ ಕುರ್ಚಿಯನ್ನೂ ಅವರು ಜೊತೆಗೆ ತಂದಿದ್ದರು.

ಇಳಿದು ನೋಡಿದರೆ ಬಯಲು. ದಾರಿ ತಪ್ಪಿದೆವೇನೋ ಎಂದುಕೊಂಡೆ. ತಪ್ಪಿರಲಿಲ್ಲ, ಫಲಕದ ಮೇಲೆ ನಮ್ಮ ಆಫೀಸಿನ ಹೆಸರಿತ್ತು. ಸಾಲುಸಾಲಾಗಿ ಗುಂಡಿ, ಪ್ರತಿ ಗುಂಡಿಯ ಪಕ್ಕ ಒಂದು ಗೂಟ. ಕೆಲವು ಗುಂಡಿಗಳಲ್ಲಿ ಒಣಕಲು ಕಡ್ಡಿ ನಿಂತಿತ್ತು.

ಬಯಲು ನೋಡಿಕೊಳ್ಳುವ ಮಾಲಿ ಹೆಂಗಸು ಮಂಕರಿ ಇಳಿಸಿ ಬಂದಳು. ಆಫೀಸಿನವರು ಬಂದರೆಂದು ಅವಳಿಗೆ ಖುಷಿಯೋ ಖುಷಿ. ಮೊದಲ ಗೂಟ ತೋರಿಸಿದಳು. ತಂತಿಯಲ್ಲಿ ಏಳು ತಗಡಿನ ಬಿಲ್ಲೆಗಳು, ಏಳರ ಮೇಲೂ ನನ್ನ ಪ್ರಯಾಣದ ಬೇರೆ ಬೇರೆ ಸಂಖ್ಯೆ. ಒಂದೇ ಗುಂಡಿಯಲ್ಲಿ ಏಳು ಸಲ ಸಸಿ ನೆಟ್ಟಿದ್ದಾರೆ. ಒಣಗಿದರೆ ಕಿತ್ತು, ಮುಂದಿನ ಕಂತಿನದನ್ನು ನೆಟ್ಟು, ಫೋಟೋ ತೆಗೆದು ಕಳಿಸಿದ್ದಾರೆ. ಬಿಲ್ಲೆ ಬಿಸಾಡಬಾರದೆಂದು ಆಫೀಸಿನ ಕಾಗದದಲ್ಲಿ ಇತ್ತಂತೆ, ಅದಕ್ಕೇ ಎಲ್ಲವನ್ನೂ ಜೋಪಾನವಾಗಿ ಇಟ್ಟಿದ್ದಾಳೆ. ನನ್ನ ಪಾಲಿನ ಇನ್ನೂರೆಂಬತ್ತು ಗುಂಡಿಗೂ ಇದೇ ಕಥೆ. ನನಗೆ ಬಂದ ಫೋಟೋಗಳಲ್ಲಿ ಒಂದೂ ಸುಳ್ಳಲ್ಲ.

ನೀರು ಹಾಕಲಿಲ್ಲವೇ ಎಂದು ಕೇಳಿದೆ.

"ನೀರು ಎಲ್ಲಿಂದ ತರ್ಲಿ ಸಾರ್? ಇಲ್ಲಿ ಬೋರ್ ಇಲ್ಲ. ಎಷ್ಟು ನೆಟ್ರಿ ಅಂತ ಫಾರಂನಲ್ಲಿ ಕೇಳ್ತಾರೆ, ಬರೀತೀವಿ. ಎಷ್ಟು ಬದುಕಿದೆ ಅಂತ ಕೇಳೋ ಖಾನೆನೇ ಇಲ್ಲ."

ಆ ಫಾರಂ ಬರೆದ ಮಹಾನುಭಾವ ಅವಳ ಎದುರೇ ನಿಂತಿದ್ದ. ಮೂರು ತಿಂಗಳಿಗೊಮ್ಮೆ ಬರುವ ಫೋಟೋ ನೋಡಿ, ಚಹಾ ಕುಡಿಯುತ್ತಾ, ಪರಿಶೀಲಿಸಿದ್ದೇನೆ ಎಂದು ಹದಿನಾರು ಸಲ ರುಜು ಹಾಕಿದ್ದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಕಾರ್ಖಾನೆಗಳಲ್ಲೆಲ್ಲ ಉಪದೇಶ ಮಾಡುವವನು ಇಲ್ಲಿ ಪ್ರತ್ಯಕ್ಷವನ್ನೂ ಕಂಡಿರಲಿಲ್ಲ.

ಮಾವ ಕುರ್ಚಿ ಬಿಡಿಸಲಿಲ್ಲ. ಬಗ್ಗಿ, ಗೂಟವನ್ನು ಬೆರಳ ಗೆಣ್ಣಿನಿಂದ ತಟ್ಟಿದರು. ಗೆದ್ದಲು ತಿಂದ ಗೂಟ, ಥಪ್ ಎಂದಿತು.

"ಫಾರಂ ಯಾರು ಬರೆದದ್ದು?" ಎಂದರು.

"ನಾನೇ, ಮಾವ."

"ರುಜು?"

"ಅದೂ ನಂದೇ."

ಮುಂದಿನ ತಿಂಗಳ ನಾಲ್ಕೂ ವಿಮಾನ ರದ್ದು ಮಾಡುತ್ತೇನೆ, ನಾನು ಬಾಯಿ ಮುಚ್ಚಿಸಿದ ಆ ಹುಡುಗಿಯ ಮಾತನ್ನು ನಾಳೆಯೇ ಸಭೆಗೆ ತರುತ್ತೇನೆ, ನೀರಿಗೂ ಏನಾದರೂ ಮಾಡುತ್ತೇನೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಬೇಡವೆನ್ನಲಿಲ್ಲ. ಎಲ್ಲ ಕೇಳಿಸಿಕೊಂಡು, ನನ್ನ ಹೆಗಲಿನ ಚೀಲದ ಕಡೆ ಕೈ ಚಾಚಿದರು.

"ಅದೆಲ್ಲ ಮಾಡು. ಮೊದಲು ನನ್ನ ಸುತ್ತಿಗೆ ವಾಪಸ್ ಕೊಡಪ್ಪ."

ಚೀಲ ಬಿಚ್ಚಿ ಕೊಟ್ಟೆ.