ರಾಗಿಯ ಬಣ್ಣ

ಬೆಳ್ಳಿ ಹಾಳೆಯ ಮೇಲೆ ಕಿಟಕಿಯ ಬಿಸಿಲು ಬಿದ್ದು ಕಣ್ಣು ಚುಚ್ಚುತ್ತಿದೆ, ರೊಸಲಿನ್ ಕೈಯಲ್ಲಿ ಎಂಟು ಸ್ಟ್ರಿಪ್, ನೋವಿನ ಮಾತ್ರೆ, ಒಂದೂ ಒಡೆದಿಲ್ಲ — ಎದುರು ಫ್ಲ್ಯಾಟಿನ ರೊಸಲಿನ್, ಮನೆ ಖಾಲಿ ಮಾಡಲು ನೆರವಿಗೆ ಬಂದವಳು, ಅಡುಗೆಮನೆಯ ಕಪಾಟಿನೊಳಗೆ ತಲೆ ಹಾಕಿ, ಹಿತಾ, ಇದು ಊರಿನ ಮಾತ್ರೆ ಅಲ್ವಾ ಮಾರಾಯ್ತಿ, ಸುಮ್ನೆ ವೇಸ್ಟ್ ಯಾಕೆ, ನಮ್ಮ ನೆಲ್ಸನ್‌ಗೆ ಮಂಡಿನೋವು ಜೋರುಂಟು, ಡಾಕ್ಟರ ಹತ್ರ ಹೋಗು ಅಂದ್ರೆ ಕೇಳುದಿಲ್ಲ, ತಕೊಳ್ಲಾ? ಹೌದು, ಊರಿನದೇ, ಮೈಸೂರಿನಿಂದ ಬರುವಾಗ ಹಿತಾಳೇ ಸೀರೆಯ ಮಡಿಕೆಯಲ್ಲಿ ಸಿಕ್ಕಿಸಿ ತಂದದ್ದು, ರಾಗಿಹಿಟ್ಟಿನ ಪಕ್ಕ, ಬೆನ್ನುನೋವಿನ ಗಂಡ ನಿಶಾಂತ್‌ಗೆ, ದಿನಾ ಬೆಳಿಗ್ಗೆ ಅವಳೇ ಕಾಫಿ ಲೋಟದ ಪಕ್ಕ ಇಡುತ್ತಿದ್ದಳು, ಖಾಲಿ ಹೊಟ್ಟೆ, ಅಬುಧಾಬಿಯ ಆಫೀಸಿಗೆ ಎರಡು ಗಂಟೆಯ ದಾರಿ, ತಿಂಡಿಗೆ ಪುರುಸೊತ್ತೆಲ್ಲಿ, ಹೀಗೆ ಮೂರು ತಿಂಗಳು. ಆಮೇಲೊಂದು ದಿನ ಅವನು ಬಾತ್‌ರೂಮಿನಿಂದ ಬಂದು, ಕಪ್ಪಗೆ ಹೋಗ್ತಿದೆ ಕಣೇ, ಟಾರು ಇದ್ದ ಹಾಗೆ, ಹೈವೇಗೆ ನಾನೇ ಸಪ್ಲೈ ಮಾಡ್ಬಹುದು — ಅವಳೂ ನಕ್ಕಳು, ರಾಗಿಮುದ್ದೆ ಕಣ್ರೀ, ರಾಗಿ ತಿಂದ್ರೆ ಹಾಗೇ. ಬಯೋಕೆಮಿಸ್ಟ್ರಿ ಎಂಎಸ್ಸಿ ಹೇಳಿದ ಮಾತು. ಹೊಟ್ಟೆಯ ಆಮ್ಲ ಸೋಕಿದ ರಕ್ತ ಕಪ್ಪಾಗುತ್ತದೆ ಎಂದು ಐದು ಅಂಕಕ್ಕೆ ಬರೆದವಳ ಮಾತು. ಆರನೆಯ ದಿನ ಅವನು ಬೇಸಿನ್ ಹಿಡಿದು ಬಗ್ಗಿದ, ಬಿಳಿ ಬೇಸಿನ್, ಅದರಲ್ಲಿ ಕಾಫಿ ಚರಟದಂಥದ್ದು, ಅಂದು ಅವನಿನ್ನೂ ಕಾಫಿ ಕುಡಿದೇ ಇರಲಿಲ್ಲ. ಎಮರ್ಜೆನ್ಸಿಯಲ್ಲಿ ಡಾಕ್ಟರ್ ರುಬೀನ, ಕಪ್ಪು ಮೋಶನ್ ಎಷ್ಟು ದಿನದಿಂದ, ಪೇನ್‌ಕಿಲ್ಲರ್ ಏನಾದ್ರೂ? ಜಠರದ ಹುಣ್ಣು ರಕ್ತನಾಳವನ್ನೇ ಕೊರೆದಿತ್ತು, ನಾಲ್ಕು ಬಾಟಲಿ ರಕ್ತ ಕೊಟ್ಟರು, ಟ್ಯೂಬ್ ಇಳಿಸಿ ಕ್ಲಿಪ್ ಹಾಕಿದರು, ನಿಂತಿತು, ಮರುದಿನ ಮತ್ತೆ ಒಡೆಯಿತು, ಅವನು ಉಳಿಯಲಿಲ್ಲ, ಒಂದು ವಾರ ಮೊದಲೇ ಬಂದಿದ್ದರೆ ಎಂದು ಡಾಕ್ಟರ್ ಶುರು ಮಾಡಿದ ಮಾತು ಇನ್ನೂ ಮುಗಿದಿಲ್ಲ. ಎಲ್ಲರಿಗೂ ಅವಳು ಹೇಳಿದ್ದು ಹಾರ್ಟ್ ಅಟ್ಯಾಕ್. ಈ ಪ್ರಾಯಕ್ಕೆ ಹಾರ್ಟಾ, ದೇವರಿಗೆ ಕಣ್ಣಿಲ್ಲ ಎಂದು ಇದೇ ರೊಸಲಿನ್ ಅತ್ತಿದ್ದಳು, ಫೋನಿನಲ್ಲಿ ಅತ್ತೆ ಅಂಬುಜಮ್ಮ, ನೀನು ಚೆನ್ನಾಗಿ ನೋಡ್ಕೊಂಡೆ ಮಗಳೇ — ಚೆನ್ನಾಗಿ, ಹೌದು, ಒಂದು ದಿನವೂ ಮಾತ್ರೆ ತಪ್ಪಿಸಲಿಲ್ಲ. ರೊಸಲಿನ್ ಬ್ಯಾಗಿನ ಜಿಪ್ ಎಳೆಯುತ್ತಿದ್ದಾಳೆ. ತಗೋ ಎಂದರೆ ಸಾಕು, ನಾಡಿದ್ದು ವಿಮಾನ, ಖಲಾಸ್, ಯಾರಿಗೂ ತಿಳಿಯುವುದಿಲ್ಲ, ಬೇಡ ಎಂದರೆ ಯಾಕೆ ಎನ್ನುತ್ತಾಳೆ, ಯಾಕೆ ಎಂದು ಹೇಳಿದರೆ ಅತ್ತೆಯ ಕಿವಿಗೆ ಬೀಳಲು ಎಷ್ಟು ದಿನ, ಅತ್ತ ಅವಳ ಗಂಡ ನೆಲ್ಸನ್, ಬೆಳಿಗ್ಗೆ ಎದ್ದು, ಖಾಲಿ ಹೊಟ್ಟೆ — ಅವರ ಮನೆಯ ಬೇಸಿನ್ನೂ ಬಿಳಿಯೇ. ಕೊಡು ಇಲ್ಲಿ. ತನ್ನದೇ ದನಿ. ಹಾರ್ಟಲ್ಲ ರೊಸಲಿನ್, ಇದೇ, ಈ ಮಾತ್ರೆಯೇ, ನಾನೇ ತಂದದ್ದು, ನಾನೇ ಕೊಟ್ಟದ್ದು. ರೊಸಲಿನ್ ಏನೋ ಕೇಳುತ್ತಿದ್ದಾಳೆ, ಬಾಯಿ ಆಡುತ್ತಿದೆ, ಹಿತಾಳ ಕಿವಿಯಲ್ಲಿ ಅಂದಿನ ನಲ್ಲಿಯ ಸದ್ದು, ಅವನನ್ನು ಕರೆದೊಯ್ಯುವ ಮೊದಲು ಅವಸರದಲ್ಲಿ ತಿರುಗಿಸಿದ ನಲ್ಲಿ, ನೀರು ಬೀಳುತ್ತಲೇ ಇದೆ, ಬಿಳಿಯ ಮೇಲೆ ಕಾಫಿ ಚರಟ, ಬಿಳಿಯ ಮೇಲೆ ಕಾಫಿ ಚರಟ